ವಿಮಾನಯಾನವೂ ಗಂಟುಮೂಟೆಯೂ

ಪ್ರಯಾಣವೆಂದರೆ ಮೊದಲು ಗಂಟು ಕಟ್ಟುವುದು, ಆಮೇಲೆ ಹೊರಡುವುದು; ನಮ್ಮ ಹಳೆಯ ಬೆಂಗಳೂರಿನ ಮನೆಗಳ ಪದ್ಧತಿ ಇದು. ನಮ್ಮ ತಾಯಿಯವರು ಚಾಮರಾಜಪೇಟೆಯ ಮನೆಯಿಂದ ಶಿವಮೊಗ್ಗಕ್ಕೆ ಮಗಳ ಬಾಣಂತನಕ್ಕೆಂದು ಹೊರಟಾಗ, ಎರಡು ತಗಡಿನ ಟ್ರಂಕು, ಒಂದು ಹಾಸಿಗೆಯ ಸುರುಳಿ, ಹರಳೆಣ್ಣೆಯ ಡಬ್ಬಿ, ಹಿತ್ತಾಳೆಯ ಕುಟ್ಟಾಣಿ, ನೀರಿನ ಕೂಜ, ಇವಿಷ್ಟೂ ರೈಲನ್ನು ಏರಿದುದನ್ನು ನಾವು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇವೆ. ಅದನ್ನು ತಕ್ಕಡಿಗೆ ಹಾಕಿ ನೋಡಿದವರು ಒಬ್ಬರೂ ಇರಲಿಲ್ಲ. ಅಂತಹ ಮನೆಯಲ್ಲಿ ಬೆಳೆದ ನಾವು ಕಳೆದ ಮಾಘಮಾಸದಲ್ಲಿ ದಿಲ್ಲಿಗೆ ವಿಮಾನದಲ್ಲಿ ಹೋಗಬೇಕಾಗಿ ಬಂದಿತು. ಆಗ ಪಟ್ಟ ಪಾಡನ್ನೂ ಕಲಿತ ಪಾಠವನ್ನೂ ವಾಚಕರ ಮುಂದಿಟ್ಟರೆ ಅನುಚಿತವಾಗದೆಂದು ಭಾವಿಸಿ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ದಿಲ್ಲಿಯಲ್ಲಿರುವ ನಮ್ಮ ಮಗಳಿಗೆ ಎರಡನೆಯ ಹೆರಿಗೆ. ಹಿರಿಯ ಮಗುವಿನ ಶಾಲೆಯನ್ನು ಬಿಡಿಸಲಾಗದೆಂದು ಅವಳು ತವರಿಗೆ ಬರಲಿಲ್ಲ. ಆದಕಾರಣ ನಾವಿಬ್ಬರೇ ಕರ್ನಾಟಕ ಎಕ್ಸ್‌ಪ್ರೆಸ್ ರೈಲಿನಲ್ಲಿ ಹೋಗುವುದೆಂದು ಗೊತ್ತುಮಾಡಿದ್ದೆವು. ರೈಲಿನಲ್ಲಿ ಮೂರು ಅಂತಸ್ತಿನ ಹವಾನಿಯಂತ್ರಿತ ಡಬ್ಬಿಯ ಪ್ರಯಾಣಿಕನು ೪೦ ಕಿಲೋಗ್ರಾಮಿನಷ್ಟು ಸಾಮಾನನ್ನು ಉಚಿತವಾಗಿ ಒಯ್ಯಬಹುದು. ಇಬ್ಬರಿಗೆ ೮೦ ಆಯಿತು. ನಮ್ಮ ಮನೆಯವರು ಆ ಲೆಕ್ಕದ ಮೇಲೆಯೇ ಸಿದ್ಧತೆ ನಡೆಸಿದ್ದರು. ಹೀಗಿರಲಾಗಿ, ಮಗುವು ಎಣಿಸಿದ್ದಕ್ಕಿಂತ ಮೂರು ವಾರ ಮೊದಲೇ ಹುಟ್ಟಿತೆಂದು ಸುದ್ದಿ ಬಂದಿತು. ರೈಲಿಗೆ ಎರಡು ದಿನ, ವಿಮಾನಕ್ಕೆ ಮೂರು ಗಂಟೆ, ಯೋಚಿಸುವುದಕ್ಕೇನೂ ಉಳಿದಿರಲಿಲ್ಲ. ವಿಮಾನದ ಟಿಕೀಟಿನಲ್ಲಿ ಒಬ್ಬೊಬ್ಬರಿಗೆ ಲಗೇಜು ೧೫ ಕಿಲೋಗ್ರಾಮು, ಕೈಚೀಲ ೭ ಕಿಲೋಗ್ರಾಮು ಎಂದು ನಮೂದಿಸಿದ್ದಿತು. ಎಂಭತ್ತಕ್ಕೆ ಅಣಿಯಾಗಿದ್ದ ಗಂಟನ್ನು ಒಂದು ರಾತ್ರಿಯಲ್ಲಿ ನಲವತ್ತನಾಲ್ಕಕ್ಕೆ ಇಳಿಸಬೇಕಾಯಿತು.

ಅಂಟಿನುಂಡೆಯ ಡಬ್ಬಿ, ಮೆಣಸಿನ ಸಾರಿನ ಪುಡಿ, ಒಣಶುಂಠಿ, ಓಮ, ಬಜೆಯ ಬೇರು, ಮಗುವಿಗೆಂದು ಒಗೆದು ಮೆದುವಾಗಿಸಿದ ಹಳೆಯ ಪಂಚೆಯ ತುಂಡುಗಳು, ಗಾಂಧಿಬಜಾರಿನಲ್ಲಿ ೧೯೪೮ರಿಂದಲೂ ನಡೆದುಬಂದಿರುವ ಸುಬ್ಬಮ್ಮನ ಅಂಗಡಿಯ ಹಪ್ಪಳ, ಇವು ನಮ್ಮ ಮನೆಯವರ ಪಾಲಿನವು. ಬೀದಿಯ ದಿನಸಿ ಅಂಗಡಿಯವರಲ್ಲಿ ಕೇಳಿಕೊಂಡು ಎರಡು ಪೆಟ್ಟಿಗೆಗಳನ್ನೂ ಅವರ ತಕ್ಕಡಿಯಲ್ಲಿ ತೂಗಿಸಿದೆವು. ಒಂದು ೧೫ಕ್ಕೆ ಸರಿಯಾಗಿ ನಿಂತಿತು. ಇನ್ನೊಂದು ಅರ್ಧ ಕಿಲೋ ಹೆಚ್ಚಿದ್ದಿತು. ನಮ್ಮ ಮನೆಯವರು ಒಂದು ಮಾತೂ ಆಡದೆ ತಮ್ಮ ಎರಡು ಸೀರೆಗಳನ್ನು ಹೊರಗೆ ತೆಗೆದಿಟ್ಟರು. ನಾವು ಆಗ ಅಪರಿಗ್ರಹವೆಂಬ ವ್ರತದ ಮಹಿಮೆಯನ್ನು ಕುರಿತು ಅವರಿಗೆ ನಾಲ್ಕು ಮಾತು ಹೇಳಿದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮ ಕೈಚೀಲವನ್ನು ಮಾತ್ರ ತೂಗಿಸಲಿಲ್ಲ. ಕೈಯಲ್ಲಿ ಹಿಡಿದದ್ದನ್ನು ಯಾರು ತೂಗುತ್ತಾರೆ ಎಂಬುದು ನಮ್ಮ ಎಣಿಕೆ.

ಮರುದಿನ ಬೆಳಗಿನ ಜಾವ ಮಲ್ಲೇಶ್ವರದಿಂದ ನಮ್ಮ ತಮ್ಮನ ಮಗನು ಕಾರು ತಂದನು. ದಾರಿಯಲ್ಲಿ ಚಾಮರಾಜಪೇಟೆಯ ಹಳೆಯ ಸ್ನೇಹಿತರೊಬ್ಬರು ಬಾಗಿಲಲ್ಲೇ ನಿಂತಿದ್ದು, ದಿಲ್ಲಿಯಲ್ಲಿರುವ ತಮ್ಮ ಮಗನಿಗೆಂದು ಒಂದು ಪೊಟ್ಟಣ ಹುಳಿಪುಡಿಯನ್ನು ಕೊಟ್ಟರು. “ಭಾರವೇನಿಲ್ಲ ಮೇಷ್ಟ್ರೇ, ಒಂದೇ ಕಿಲೋ” ಎಂದರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಮಲ್ಲೇಶ್ವರದಲ್ಲಿ ನಾದಿನಿಯವರು ತಾವೇ ಹೆಣೆದ ಉಣ್ಣೆಯ ಕುಲಾವಿಯೊಂದನ್ನು ಮಗುವಿಗೆಂದು ಕೊಟ್ಟರು. ಅದಕ್ಕೆ ತೂಕವೆಂಬುದೇ ಇರಲಿಲ್ಲ. ಈ ಬಡಾವಣೆಗಳು ೧೮೯೮ರ ಪ್ಲೇಗಿನ ತರುವಾಯ ಪೇಟೆಯ ಇಕ್ಕಟ್ಟನ್ನು ಬಿಟ್ಟುಬಂದವರಿಂದ ತುಂಬಿಕೊಂಡವು. ಅಂದು ಮನೆ ಬಿಟ್ಟವರು ಏನನ್ನು ಹೊತ್ತು ತಂದರೋ, ಏನನ್ನು ಬಿಟ್ಟರೋ ಎಂದು ನೆನೆಯುತ್ತಾ ಮೇಖ್ರಿ ವೃತ್ತವನ್ನೂ ಹೆಬ್ಬಾಳದ ಮೇಲುಸೇತುವೆಯನ್ನೂ ದಾಟಿದೆವು.

ವಿಮಾನನಿಲ್ದಾಣವು ೨೦೦೮ರ ಮೇ ತಿಂಗಳಲ್ಲಿ ಹಳೆಯ ಎಚ್‌.ಎ.ಎಲ್‌. ನಿಲ್ದಾಣದಿಂದ ದೇವನಹಳ್ಳಿಯ ಬಳಿಗೆ ಸ್ಥಳಾಂತರವಾಯಿತು. ೨೦೨೨ರ ನವೆಂಬರಿನಲ್ಲಿ ಉದ್ಘಾಟನೆಯಾದ ಅಲ್ಲಿಯ ಎರಡನೆಯ ಟರ್ಮಿನಲ್ಲು ಬಿದಿರಿನ ಮೇಲ್ಚಾವಣಿಯಿಂದಲೂ ತೂಗುಬಿಟ್ಟ ಗಿಡಬಳ್ಳಿಗಳಿಂದಲೂ ಉಪವನದಂತೆ ತೋರುತ್ತದೆ. ಆದರೆ ಆ ಸೊಬಗನ್ನು ಸವಿಯುವ ಮನಸ್ಸು ಕೌಂಟರಿನವರೆಗೆ ಮಾತ್ರ ಉಳಿಯಿತು.

ಪೆಟ್ಟಿಗೆಗಳೆರಡೂ ತಕ್ಕಡಿಯಲ್ಲಿ ನಿರಪರಾಧಿಗಳಾಗಿ ಹೊರಬಂದವು. ನಾವು ಕೈಚೀಲವನ್ನು ಹೆಗಲಿಗೇರಿಸುತ್ತಿರುವಾಗ ಅಲ್ಲಿದ್ದ ಹುಡುಗಿಯು ವಿನಯದಿಂದಲೇ, “ಸರ್, ಅದನ್ನೂ ಇಡಿ” ಎಂದಳು. ಇಟ್ಟೆವು. ೧೧ ಕಿಲೋ ೪೦೦ ಗ್ರಾಮು! ಪಕ್ಕದಲ್ಲಿ ಚೀಲದ ಅಳತೆ ನೋಡುವ ಕಬ್ಬಿಣದ ಚೌಕಟ್ಟೊಂದಿದ್ದಿತು. ಸಾಮಾನ್ಯವಾಗಿ ಕೈಚೀಲವು ೫೫ ಸೆಂಟಿಮೀಟರು ಉದ್ದ, ೩೫ ಅಗಲ, ೨೫ ದಪ್ಪವನ್ನು ಮೀರಬಾರದು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಇಪ್ಪತ್ತು ವರ್ಷ ಹೊತ್ತ ನಮ್ಮ ಖಾಕಿ ಚೀಲವು ಅರ್ಧ ಇಳಿದು, ಗಂಟಲಲ್ಲಿ ಸಿಕ್ಕಿದ ತುತ್ತಿನಂತೆ ನಿಂತುಬಿಟ್ಟಿತು. ಹೆಚ್ಚಿನ ತೂಕಕ್ಕೆ ಐದು ಕಿಲೋಗ್ರಾಮಿನ ಲೆಕ್ಕ ಹಿಡಿದು ಮೂರು ಸಾವಿರ ರೂಪಾಯಿಗಳಿಗೂ ಮೇಲೆ ಕೊಡಬೇಕೆಂದರು. ಹಿಂದೆ ಸಾಲು ಬೆಳೆಯುತ್ತಿದ್ದಿತು.

ಆಗ ನಮ್ಮ ಬಾಯಿಂದ ಹೊರಟ ಮಾತು ಇದು: “ಆ ಉಂಡೆಯ ಡಬ್ಬಿಯನ್ನು ತೆಗೆದುಬಿಡು. ಅದರ ಜಾಗಕ್ಕೆ ಇದರಲ್ಲಿರುವುದು ಸ್ವಲ್ಪ ಹೋಗಲಿ.”

ನಮ್ಮ ಮನೆಯವರು ತಲೆಯೆತ್ತಿ ನೋಡಿದರು. “ಏನೂಂದ್ರೆ, ಬಾಣಂತಿಯ ಡಬ್ಬಿಗೆ ಕೈಹಚ್ಚಬೇಡಿ. ನಿಮ್ಮ ಚೀಲದಲ್ಲಿ ಏನಿದೆ, ಮೊದಲು ಅದನ್ನು ಬಿಚ್ಚಿ” ಎಂದರು.

ಬಿಚ್ಚಿದೆವು. ಆಪ್ಟೆಯವರ ಸಂಸ್ಕೃತ ಕೋಶ, ಸಿದ್ಧಾಂತಕೌಮುದಿ, ಅಮರಕೋಶ, ಹಿರಿಯ ಮೊಮ್ಮಗನಿಗೆ ಪಾಠ ಹೇಳಲೆಂದು ಇನ್ನೂ ಎರಡು ದಪ್ಪ ಪುಸ್ತಕಗಳು. ಅವುಗಳ ಮೇಲೆ ಸ್ನೇಹಿತರ ಹುಳಿಪುಡಿ. ಹುಡುಗನಿಗೆ ಏಳು ವರ್ಷ. ಬಾಣಂತಿಯ ಮನೆಗೆ ಕೌಮುದಿಯನ್ನು ಹೊತ್ತು ಹೊರಟವರು ನಾವು. ಅಪರಿಗ್ರಹವನ್ನು ಬೋಧಿಸಿದವರೂ ನಾವೇ! ಸೀರೆಗಳನ್ನು ಬಿಟ್ಟುಬಂದಾಕೆಯ ಮುಂದೆ ನಿಲ್ಲಲು ನಾಚಿಕೆಯಾಯಿತು.

ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ತರುಣನೊಬ್ಬನ ಬಳಿ ಒಂದು ಸಣ್ಣ ಚೀಲವಲ್ಲದೆ ಬೇರೇನೂ ಇರಲಿಲ್ಲ. ಅವನು “ಸರ್, ಎರಡು ಪುಸ್ತಕ ನನ್ನ ಹೆಸರಿನಲ್ಲಿ ಹೋಗಲಿ, ದಿಲ್ಲಿಯಲ್ಲಿ ಕೊಡುತ್ತೇನೆ” ಎಂದು ಮುಂದೆ ಬಂದನು. ಕೌಂಟರಿನ ಹುಡುಗಿ ಬೇಡವೆಂದು ತಲೆಯಾಡಿಸಿದಳು: ಅಪರಿಚಿತರ ಸಾಮಾನನ್ನು ಒಯ್ಯುವಂತಿಲ್ಲ. ಮೊದಲು ಇದು ನಿಷ್ಠುರವೆನಿಸಿತು. ಆದರೆ ೧೯೮೫ರ ಜೂನ್ ೨೩ರಂದು ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸ್ಫೋಟಗೊಂಡ ಏರ್ ಇಂಡಿಯಾದ ಕನಿಷ್ಕ ವಿಮಾನವನ್ನು ನಮ್ಮ ವಯಸ್ಸಿನವರು ಮರೆತಿಲ್ಲ. ಒಡೆಯನು ಹತ್ತದೆ, ಅವನ ಪೆಟ್ಟಿಗೆ ಮಾತ್ರ ಹತ್ತಿದ್ದರಿಂದ ೩೨೯ ಮಂದಿ ಪ್ರಾಣ ಕಳೆದುಕೊಂಡರು. ಯಾರ ಗಂಟು ಯಾರದೆಂದು ಕೇಳುವ ಕಟ್ಟಳೆಗಳ ಹಿಂದೆ ಇಂತಹ ದುಃಖಗಳಿವೆ. ತರುಣನಿಗೆ ಕೈಮುಗಿದು, ತಮ್ಮನ ಮಗನಿಗೆ ಫೋನು ಮಾಡಿ ದ್ವಾರದ ಬಳಿಗೆ ಕರೆಸಿಕೊಂಡೆವು.

ಅಷ್ಟರಲ್ಲಿ ಹುಡುಗಿಯು ನಿಷಿದ್ಧ ವಸ್ತುಗಳ ಪಟ್ಟಿಯನ್ನು ತೋರಿಸಿ, “ಒಣಕೊಬ್ಬರಿ ಏನಾದರೂ ಇದೆಯೇ, ಅಮ್ಮ?” ಎಂದು ಕೇಳಿದಳು. ನಮ್ಮ ಮನೆಯವರ ಮುಖ ಸಣ್ಣದಾಯಿತು. ದಿನದ ಅಡಿಗೆಗೆಂದು ತಿಪಟೂರಿನ ಕೊಬ್ಬರಿಯ ಎಂಟು ಬಟ್ಟಲುಗಳು ಪೆಟ್ಟಿಗೆಯಲ್ಲಿದ್ದವು. ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ಇಕ್ಕಟ್ಟಿನಲ್ಲಿ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನದವರು ಅದನ್ನು ಅಪಾಯದ ಪದಾರ್ಥಗಳಲ್ಲಿ ಸೇರಿಸಿದ್ದಾರೆ. ಇಡಿಯ ತೆಂಗಿನಕಾಯಿಯೂ ಕೈಚೀಲದಲ್ಲಿ ಸಲ್ಲದು. ಶಬರಿಮಲೆಯ ಯಾತ್ರಿಕರ ಇರುಮುಡಿಯಲ್ಲಿರುವ ಕಾಯಿಗೆ ಮಾತ್ರ ೨೦೨೪ರಲ್ಲಿ, ಆ ವರ್ಷದ ಯಾತ್ರೆಯ ಕಾಲ ಮುಗಿಯುವವರೆಗೆ, ವಿಶೇಷ ಅನುಮತಿ ದೊರೆಯಿತು. ಮಂಗಳಕಾರ್ಯಕ್ಕೆಲ್ಲ ಮುಂದಾಗಿ ಬೇಕಾದ ಕೊಬ್ಬರಿ ಬೆಂಕಿಯ ಬಂಧುವೆಂಬುದು ನಮಗೂ ಹೊಸ ಪಾಠವೇ. ಕೊಬ್ಬರಿಯೂ ಐದು ಪುಸ್ತಕಗಳೂ ಒಟ್ಟಿಗೆ ಮಲ್ಲೇಶ್ವರಕ್ಕೆ ಹಿಂದಿರುಗಿದವು. ಕೊಬ್ಬರಿ ಬಿಟ್ಟ ಜಾಗದಲ್ಲಿ ಹುಳಿಪುಡಿ ಹಿಡಿಸಿತು. ಬರಿದಾದ ಚೀಲವು ಚೌಕಟ್ಟಿನೊಳಗೆ ಸಲೀಸಾಗಿ ಇಳಿಯಿತು. “ದೊಡ್ಡಪ್ಪ, ಕೋಶವನ್ನು ನಾನು ಜೋಪಾನವಾಗಿಡುತ್ತೇನೆ” ಎಂದು ಹುಡುಗನು ಸಮಾಧಾನ ಹೇಳಿದನು.

ವಿಮಾನದೊಳಗೆ ಕಂಡದ್ದು ಬೇರೊಂದು ನೋಟ. ನಮ್ಮ ತಲೆಯ ಮೇಲಣ ಗೂಡು ಆಗಲೇ ತುಂಬಿದ್ದಿತು. ಕೌಂಟರಿಗೆ ಬಾರದೆ ನೇರವಾಗಿ ಬಂದ ಒಬ್ಬರು, ನಮ್ಮ ಖಾಕಿ ಚೀಲದ ಎರಡರಷ್ಟಿದ್ದ ಪೆಟ್ಟಿಗೆಯನ್ನು ಅಲ್ಲಿ ತುರುಕಲು ಮೊಣಕೈಯಿಂದ ಗುದ್ದುತ್ತಿದ್ದರು. ಅದನ್ನು ಯಾರೂ ತೂಗಿರಲಿಲ್ಲ. ನಮ್ಮ ಚೀಲವು ಎಂಟು ಸಾಲು ಹಿಂದಕ್ಕೆ ಹೋಯಿತು. ಬಾಗಿಲು ಮುಚ್ಚುವುದೂ ತಡವಾಯಿತು.

ಕುಳಿತಲ್ಲಿಯೇ ಮೇಷ್ಟರ ಬುದ್ಧಿ ಲೆಕ್ಕ ಹಾಕಿತು. ಇಂತಹ ವಿಮಾನದಲ್ಲಿ ಸುಮಾರು ೧೮೦ ಆಸನಗಳು. ಒಬ್ಬೊಬ್ಬರು ಮೂರು ಕಿಲೋ ಹೆಚ್ಚು ತಂದರೂ ೫೪೦ ಕಿಲೋಗ್ರಾಮು! ಅಷ್ಟನ್ನು ಆಕಾಶಕ್ಕೆ ಎತ್ತಲು ಎಣ್ಣೆ ಸುಡಲೇಬೇಕು. ಎಷ್ಟು ಜನ ಏರಿದರೂ ಇನ್ನೊಬ್ಬರಿಗೆ ಎಡೆಯಿರುತ್ತಿದ್ದಿತೆಂದು ಹೇಳುವ ಪುಷ್ಪಕವಿಮಾನವು ಕಥೆಯಲ್ಲಿ ಮಾತ್ರ ಉಂಟು. ಆದರೆ ಇದರಲ್ಲಿ ವ್ಯಾಪಾರವೂ ಉಂಟು. ಎಣ್ಣೆಯ ಬೆಲೆ ಏರಿದ ೨೦೦೮ರಲ್ಲಿ ಅಮೆರಿಕದ ದೊಡ್ಡ ಕಂಪೆನಿಯೊಂದು ಮೊದಲನೆಯ ಲಗೇಜಿಗೇ ೧೫ ಡಾಲರು ವಿಧಿಸಿತು. ಉಳಿದ ಹಲವು ಕಂಪೆನಿಗಳು ಅದನ್ನು ಅನುಸರಿಸಿದವು. ಹಣ ಉಳಿಸಲು ಜನರು ಎಲ್ಲವನ್ನೂ ಕೈಚೀಲಕ್ಕೆ ತುಂಬತೊಡಗಿದರು. ಗೂಡುಗಳ ನೂಕುನುಗ್ಗಲು ಹೆಚ್ಚಿತು. ನಮ್ಮ ದೇಶದಲ್ಲಿ ೨೦೧೬ರಲ್ಲಿ ವಿಮಾನಯಾನದ ಮಹಾನಿರ್ದೇಶನಾಲಯವು ೧೫ರಿಂದ ೨೦ ಕಿಲೋಗ್ರಾಮಿನವರೆಗಿನ ಲಗೇಜಿಗೆ ಕಿಲೋ ಒಂದಕ್ಕೆ ೧೦೦ ರೂಪಾಯಿ ಮೀರಬಾರದೆಂದು ಆಜ್ಞೆ ಮಾಡಿದ್ದಿತು. ೨೦೧೭ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಗೊಳಿಸಿತು. ಆ ತರುವಾಯ ಬೆಲೆ ಕಟ್ಟುವುದು ಕಂಪೆನಿಗಳ ಕೈಗೆ ಬಂದಿತು.

ತೂಕದ ಕಟ್ಟಳೆಯನ್ನು ನಾವು ಅನ್ಯಾಯವೆನ್ನುವುದಿಲ್ಲ. ಕಿಲೋ ಒಂದರ ಬೆಲೆಯನ್ನು ಟಿಕೀಟಿನ ಮೇಲೆ ಪ್ರಯಾಣದ ದರದಷ್ಟೇ ದಪ್ಪ ಅಕ್ಷರಗಳಲ್ಲಿ ಮೊದಲೇ ಮುದ್ರಿಸದಿರುವುದೂ, ಒಬ್ಬರ ಚೀಲವನ್ನು ತೂಗಿ ಇನ್ನೊಬ್ಬರ ಪೆಟ್ಟಿಗೆಯನ್ನು ನೋಡದಿರುವುದೂ ಮಾತ್ರ ಸರಿಯಲ್ಲವೆಂದು ಹೇಳುತ್ತೇವೆ. ಗೃಹಸ್ಥರು ಮಾಡಬಹುದಾದುದೂ ಇದೆ. ಪೆಟ್ಟಿಗೆಯಂತೆ ಕೈಚೀಲವನ್ನೂ ಮನೆಯಲ್ಲಿಯೇ ತೂಗಬೇಕು. ಹೆಚ್ಚಿನ ತೂಕ ಬೇಕೇಬೇಕೆಂದಾದರೆ ಮುಂಗಡವಾಗಿಯೇ ಹಣ ಕಟ್ಟಬೇಕು. ಕೌಂಟರಿನಲ್ಲಿ ಕೊಡುವುದಕ್ಕಿಂತ ಅದು ಅಗ್ಗ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡದೆ ಭದ್ರವಾಗಿ ಮುಚ್ಚಿ ಪೆಟ್ಟಿಗೆಯಲ್ಲಿಡಬೇಕು. ಒಣಕೊಬ್ಬರಿಯನ್ನು ಹೋದ ಊರಿನಲ್ಲಿಯೇ ಕೊಳ್ಳಬೇಕು.

ಕುಚೇಲನು ಒಯ್ದದ್ದು ಹಿಡಿ ಅವಲಕ್ಕಿ. ಯಾವ ತಕ್ಕಡಿಗೂ ಅದು ಹೊರೆಯಾಗುತ್ತಿರಲಿಲ್ಲ. ಕೊಡುವವರ ಗಂಟು ಚಿಕ್ಕದು, ತೋರಿಸಿಕೊಳ್ಳುವವರ ಗಂಟು ದೊಡ್ಡದು ಎಂಬುದನ್ನು ಅರುವತ್ತು ತುಂಬಿದ ಮೇಲೆ, ಸಾಲಿನಲ್ಲಿ ನಿಂತು ಕಲಿತೆವು. ದಿಲ್ಲಿಯ ಚಳಿಯಲ್ಲಿ ಮಲ್ಲೇಶ್ವರದ ಕುಲಾವಿಯು ಮಗುವಿನ ತಲೆಯಿಂದ ಇಳಿಯಲಿಲ್ಲ. ನಲವತ್ತು ದಿನಗಳಲ್ಲಿ ಉಂಡೆಯ ಡಬ್ಬಿ ಬರಿದಾಯಿತು, ಬಾಣಂತಿಯ ಮುಖದಲ್ಲಿ ಕಳೆ ಬಂದಿತು. ಆಪ್ಟೆಯವರ ಕೋಶ ಬೇಕಾಗಿದ್ದಿತೆಂದು ಆ ನಲವತ್ತು ದಿನಗಳಲ್ಲಿ ನಮಗೆ ಒಂದು ಸಲವೂ ಅನ್ನಿಸಲಿಲ್ಲ.