ಸೈರ್ ಮತ್ತು ಸಫರ್

ಉರ್ದುವಿನಲ್ಲಿ ಸೈರ್ ಎಂದರೆ ಮನಸ್ಸಿನ ಖುಷಿಗಾಗಿ ಸುತ್ತಾಡಿ ಬರುವುದು. ಸಫರ್ ಎಂದರೆ ಹೋಗಲೇಬೇಕಾದ ಕಡೆಗೆ ಹೊರಡುವುದು. ಉರ್ದು, ಕನ್ನಡ ಎರಡನ್ನೂ ಓದಿ ಬೆಳೆದ ನಮ್ಮಂಥವರು ಈ ಎರಡನ್ನೂ 'ಪ್ರವಾಸ' ಎಂಬ ಒಂದೇ ಚೀಲಕ್ಕೆ ತುಂಬಿಬಿಡುತ್ತೇವೆ. ಆದರೆ ಕೆಲವು ನೀರುಗಳ ಮೇಲೆ ಇವೆರಡರ ವ್ಯತ್ಯಾಸ ತಿಳಿಯದೆ ದೋಣಿ ಹತ್ತಬಾರದು.

2025ರ ನವೆಂಬರಿನಲ್ಲಿ ನಾವು ಐದು ಮಂದಿ ಗೆಳೆಯರು ಶರಾವತಿಯ ಹಿನ್ನೀರಿಗೆ ಹೋದದ್ದು ಮಾತ್ರ ಅಪ್ಪಟ ಸೈರ್. ಒಬ್ಬರು ಶಾಲಾ ಮೇಷ್ಟರು, ಒಬ್ಬರು ಅಡಿಕೆ ವ್ಯಾಪಾರಿ, ಒಬ್ಬರು ನಿವೃತ್ತ ಬ್ಯಾಂಕ್ ನೌಕರರು, ಇನ್ನೊಬ್ಬರಿಗೆ ಫೋಟೋ ತೆಗೆಯುವ ಹುಚ್ಚು. ಜೊತೆಗೆ ಕತೆ ಬರೆಯುವ ನಾವು. ಒಂದು ಡಬ್ಬಿಯಲ್ಲಿ ಬಿರಿಯಾನಿ, ಇನ್ನೊಂದರಲ್ಲಿ ಚಿತ್ರಾನ್ನ. ಬೋಟು ಮೇಷ್ಟರ ಪರಿಚಯದವರ ಸ್ವಂತದ್ದು, ನಡೆಸುವವರೂ ಅವರೇ. ತುಮರಿ ಕಡೆಯವರು, ವಯಸ್ಸು ಐವತ್ತರ ಆಸುಪಾಸು. ಎಲ್ಲರೂ ಲೈಫ್ ಜಾಕೆಟ್ ತೊಟ್ಟ ಮೇಲೆಯೇ ಅವರು ಇಂಜಿನ್ ಚಾಲೂ ಮಾಡಿದ್ದು. ಸೆಕೆಯೆಂದು ವ್ಯಾಪಾರಿ ಗೆಳೆಯರು ಗುಂಡಿ ಬಿಚ್ಚಿದಾಗ ಬೋಟು ನಿಂತೇ ಹೋಯಿತು. ಗುಂಡಿ ಹಾಕಿಕೊಂಡ ಮೇಲೆ ಮತ್ತೆ ಹೊರಟಿತು.

ಮಳೆಗಾಲ ಮುಗಿದು ನೀರು ಕಣ್ಣಿಗೆಟುಕದಷ್ಟು ಹರಡಿತ್ತು. ನಡುನಡುವೆ ಹಸಿರು ದ್ವೀಪಗಳು. ಫೋಟೋ ಗೆಳೆಯರು "ಎಂಥ ಸರೋವರ!" ಎಂದರು. ಬೋಟಿನವರು, "ಸರೋವರ ಅಲ್ಲ ಸಾರ್, ಹಿನ್ನೀರು. ನೀವು ದ್ವೀಪ ಅನ್ನುವುದೆಲ್ಲ ಗುಡ್ಡದ ನೆತ್ತಿ" ಎಂದರು. ಆಮೇಲೆ ನಮ್ಮ ಕಣ್ಣಿಗೆ ಆ ದ್ವೀಪಗಳು ಮೊದಲಿನಂತೆ ಕಾಣಲಿಲ್ಲ. ಕತ್ತಿನವರೆಗೆ ನೀರಿನಲ್ಲಿ ನಿಂತವರ ಹಾಗೆ ಕಂಡವು.

ಅವರು ನೇರವಾಗಿ ಬೋಟು ಬಿಡುತ್ತಿರಲಿಲ್ಲ. ಒಂದು ಕಡೆ ಎಡಕ್ಕೆ, ಒಂದು ಕಡೆ ಬಲಕ್ಕೆ ಸುತ್ತು ಹಾಕುತ್ತಿದ್ದರು. ಕೇಳಿದರೆ, ಕೆಳಗೆ ಹಳೆಯ ಮರಗಳ ಬೊಡ್ಡೆಗಳಿವೆ ಎಂದರು. ನೀರಿನಡಿಯ ಕಾಡು ಅಷ್ಟು ಸುಲಭವಾಗಿ ಕೊಳೆಯುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಬೊಡ್ಡೆಗಳು ಮೇಲೇಳುತ್ತವೆ. ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟೂ ಕೆಲವೊಮ್ಮೆ ತಲೆಯೆತ್ತುತ್ತದೆ. 1948ರಲ್ಲಿ ಆರಂಭವಾದ ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲು ಕಟ್ಟಿದ ಅಣೆಕಟ್ಟು ಅದು. 1964ರಲ್ಲಿ ಲಿಂಗನಮಕ್ಕಿ ಬಂದು, ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟಿನ ನೀರು ನುಂಗಿತು. ಹಾಗಿರುವಾಗ ಊರುಗಳ ಪಾಡೇನು?

ಒಂದು ಕಡೆ ಅವರು ಇಂಜಿನ್ ಆರಿಸಿ ಬರೀ ನೀರಿನತ್ತ ಬೆರಳು ತೋರಿಸಿ, "ಇಲ್ಲಿ ನಮ್ಮ ಅಜ್ಜನ ಮನೆ" ಎಂದರು. "ಇತ್ತು" ಎನ್ನಲಿಲ್ಲ. ಮನೆ ಬಿಡುವಾಗ ಅಜ್ಜ ತೊಲೆ, ಕಂಬ, ಬಾಗಿಲುಗಳನ್ನು ಕಳಚಿ ಗಾಡಿಗೆ ಹೇರಿದರಂತೆ. ಹೊಸ ಜಾಗದಲ್ಲಿ ಹಾಕಿಕೊಂಡ ಗುಡಿಸಿಲಿಗೆ ಆ ಬಾಗಿಲ ಚೌಕಟ್ಟು ಎತ್ತರವಾಯಿತು. ಹೊಂದುವಂಥ ಮನೆ ಕಟ್ಟುವತನಕ ಅದು ಗೋಡೆಗೆ ಒರಗಿಯೇ ನಿಂತಿತ್ತು. ಅಷ್ಟರಲ್ಲಿ ಅಜ್ಜ ಹೋಗಿಬಿಟ್ಟಿದ್ದರು. "ನಮ್ಮನೆಗೆ ಕರೆಂಟು ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ" ಎಂದೂ ಹೇಳಿದರು. ದೂರು ಹೇಳುವ ಧಾಟಿಯಲ್ಲ, ಲೆಕ್ಕ ಒಪ್ಪಿಸುವ ಧಾಟಿ. ನಾವು ಯಾರೂ ಮಾತಾಡಲಿಲ್ಲ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಶಕ್ತಿ 1035 ಮೆಗಾವ್ಯಾಟ್. ನಮ್ಮ ಪಟ್ಟಣಗಳ ದೀಪ ಅದರಿಂದ ಉರಿದಿದೆ, ನಾವು ಓದಿದ್ದು ಆ ಬೆಳಕಿನಲ್ಲೇ.

ಜಮೀನು ಕೊಟ್ಟವರ ಪಾಲಿಗೆ ಬಂದದ್ದು ಲಾಂಚ್. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಬಸ್ಸು, ಜೀಪು, ಹಾಲಿನ ಕ್ಯಾನು, ಸಿಗಂದೂರು ದೇವಿಯ ಭಕ್ತರು, ಆಸ್ಪತ್ರೆಗೆ ಹೊರಟವರು ಎಲ್ಲ ಒಂದೇ ಹಲಗೆಯ ಮೇಲೆ. ಹೊರಗಿನವರಿಗೆ ಅದು ಸೈರ್, ಊರಿನವರಿಗೆ ಸಫರ್. ಸಂಜೆಯಾಗಿ ಲಾಂಚ್ ನಿಂತ ಮೇಲೆ ಕಾಯಿಲೆ ಬಿದ್ದರೆ ಬೆಳಗಾಗುವುದನ್ನೇ ಕಾಯಬೇಕಿತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರು ತಗ್ಗಿ ವಾಹನಗಳನ್ನು ಹತ್ತಿಸಿಕೊಳ್ಳುವುದೂ ನಿಂತದ್ದುಂಟು. ನೀರು ಹೆಚ್ಚಾಗಿ ಮನೆ ಕಳಕೊಂಡವರಿಗೆ ನೀರು ಕಡಿಮೆಯಾಗಿ ದಾರಿಯೂ ಇಲ್ಲವಾಗುವುದೆಂದರೆ!

ಈ ಜನರ ನೋವನ್ನು 'ಮುಳುಗಡೆ', 'ದ್ವೀಪ'ದಂಥ ಕಾದಂಬರಿಗಳಲ್ಲಿ ಬರೆದವರು ಸಾಗರದ ನಾ. ಡಿಸೋಜ. ಅವರು ತೀರಿಕೊಂಡದ್ದು 2025ರ ಜನವರಿಯಲ್ಲಿ. ಅದೇ ವರ್ಷ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ಅರವತ್ತು ವರ್ಷಗಳ ದ್ವೀಪ ಮತ್ತೆ ನೆಲಕ್ಕೆ ಕೂಡಿಕೊಂಡಿತು.

ನಮ್ಮ ಬೋಟು ಆ ಸೇತುವೆಯನ್ನು ದೂರದಿಂದ ಕಂಡಿತು. ಫೋಟೋಕ್ಕೆ ಬಹಳ ಚೆಂದ. "ನಿಮಗೆ ಖುಷಿಯೇ?" ಎಂದು ಮೇಷ್ಟರು ಕೇಳಿದರು. "ಖುಷಿಯಾಗದೆ ಏನು? ರಾತ್ರಿ ಆಂಬುಲೆನ್ಸ್ ಬರುತ್ತದಲ್ಲ" ಎಂದರು ಬೋಟಿನವರು. ಸ್ವಲ್ಪ ಹೊತ್ತು ಬಿಟ್ಟು, "ಹಕ್ಕುಪತ್ರ ಮಾತ್ರ ಇನ್ನೂ ಬರಬೇಕು" ಎಂದು ಸೇರಿಸಿದರು. ಅರಣ್ಯದ ಜಮೀನಿನಲ್ಲಿ ಕೂರಿಸಿದ ಮುಳುಗಡೆ ಸಂತ್ರಸ್ತರ ಈ ತಕರಾರು ಮೂರನೆಯ ತಲೆಮಾರಿಗೆ ಬಂದಿದೆ. ಸೇತುವೆ ದಾಟಲು ಈಗ ಕೆಲವೇ ನಿಮಿಷ ಸಾಕು. ಕಚೇರಿಯ ಒಂದು ಮೇಜಿನಿಂದ ಇನ್ನೊಂದಕ್ಕೆ ಕಡತ ದಾಟಲು ಎಷ್ಟು ವರ್ಷ ಬೇಕೋ.

ಇನ್ನು ಮುಂದೆ ಇಲ್ಲಿಗೆ ಸೈರ್‌ಗೆ ಬರುವವರು ಹೆಚ್ಚುತ್ತಾರೆ. ಬರಲಿ, ಅದರಲ್ಲಿ ತಪ್ಪಿಲ್ಲ. ಊರಿನವರಿಗೆ ನಾಲ್ಕು ಕಾಸು ಸಿಗುತ್ತದೆ. ಆದರೆ ಕಾರಿನಲ್ಲಿ ದಾಟುವ ಮಗುವೊಂದು ಕಿಟಕಿಯಿಂದ ಬಗ್ಗಿ, "ಈ ನೀರಿನ ಕೆಳಗೆ ಏನಿದೆ?" ಎಂದು ಕೇಳಿಯೇ ಕೇಳುತ್ತದೆ. ಆಗ 'ಮೀನು' ಎಂದಷ್ಟೇ ಹೇಳಿ ಮುಗಿಸದಿದ್ದರೆ ಸಾಕು.