ಗೆರೆಯೊಳಗಿನ ನಾದ

ಸಂಗೀತವಾವುದು, ಗದ್ದಲವಾವುದು ಎಂದು ತೀರ್ಪು ಕೊಡುವ ಅಧಿಕಾರವು ತಮಗೆ ಹುಟ್ಟಿನಿಂದಲೇ ಬಂದುದೆಂದು ನಂಬಿದವರು ಲೋಕದಲ್ಲಿ ಬಹುಮಂದಿ. ಮಲೆನಾಡಿನಂಚಿನ ಊರೊಂದರಲ್ಲಿ ಮೂವತ್ತೈದು ವರ್ಷ ಸಂಸ್ಕೃತವನ್ನು ಬೋಧಿಸಿ ವಿಶ್ರಾಂತರಾದ ಪಂಡಿತರೊಬ್ಬರು ಅವರಲ್ಲಿ ಅಗ್ರಗಣ್ಯರು. ಬೀದಿಯ ಭಜನೆಯಲ್ಲಿ ಶ್ರುತಿ ತಪ್ಪಿದರೂ ಅವರ ಹುಬ್ಬು ಗಂಟಿಕ್ಕುವುದು. ಪತ್ನೀವಿಯೋಗವಾದ ಮೇಲಂತೂ ಆ ಮನೆಯಲ್ಲಿ ಸದ್ದೇ ಕಡಿಮೆ. ಮಗನೊಡನೆ ಮಾತೆಂದರೆ ಔಷಧ, ಪತ್ರಿಕೆ, ಬ್ಯಾಂಕಿನ ಪುಸ್ತಕ, ಇಷ್ಟರಲ್ಲಿಯೇ ಮುಗಿಯುವುದು.

ಇದಕ್ಕೊಂದು ಪೂರ್ವಕಥೆಯುಂಟು. 1994ರ ಮಳೆಗಾಲದಲ್ಲಿ, ಹದಿನಾರು ವರ್ಷದ ಆ ಮಗನು ಎರವಲು ತಂದ ಟೇಪ್ ರೆಕಾರ್ಡರನ್ನು ಹಿಡಿದು ಕಂಡಕಂಡ ಸದ್ದುಗಳನ್ನೆಲ್ಲ ತುಂಬಿಕೊಳ್ಳುತ್ತ ತಿರುಗಿದನು. ಪರೀಕ್ಷೆಯ ಅಂಕಗಳು ಬಂದ ದಿನ ಪಂಡಿತರು ಕ್ಯಾಸೆಟ್ಟಿನ ಸುರುಳಿಯನ್ನು ಎಳೆದು ಬಚ್ಚಲೊಲೆಗೆ ಹಾಕಿದರು. ಮಗನು ಅಳಲಿಲ್ಲ, ಎದುರಾಡಲಿಲ್ಲ. ಮುಂದೆ ಲೆಕ್ಕಪತ್ರದ ಉದ್ಯೋಗ ಹಿಡಿದು ಮನೆಯನ್ನು ಚೆನ್ನಾಗಿಯೇ ನಡೆಸಿದನು. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಕಳೆದ ಆಷಾಢದಲ್ಲಿ ಒಂದು ದಿನ ಮಳೆಯ ದೆಸೆಯಿಂದ ಶಾಲೆಗೂ ರಜೆ, ಬಸ್ಸೂ ಇಲ್ಲ, ಎಲ್ಲರೂ ಮನೆಯಲ್ಲಿಯೇ. ಹನ್ನೊಂದು ವರ್ಷದ ಮೊಮ್ಮಗಳು ಮೊಬೈಲನ್ನು ಅಜ್ಜನ ಕನ್ನಡಕದ ಮುಂದೆ ಹಿಡಿದಳು. ಅಂತರ್ಜಾಲದಲ್ಲಿ ಏನನ್ನೋ ಹುಡುಕಹೋಗಿ ಅವಳು ಕೆನಡಾ ದೇಶದ ರಾಷ್ಟ್ರೀಯ ಚಲನಚಿತ್ರ ಮಂಡಲಿಯ ಭಂಡಾರವನ್ನು ಕಂಡುಕೊಂಡಿದ್ದಳು. ಯಾರು ಬೇಕಾದರೂ ಕಾಸು ಕೊಡದೆ ನೋಡಲೆಂದು ಆ ಸಂಸ್ಥೆಯು ತನ್ನ ಅನೇಕ ಚಿತ್ರಗಳನ್ನು ಅಲ್ಲಿ ತೆರೆದಿಟ್ಟಿದೆ. ಮೊದಲು ಕಂಡದ್ದು 1940ರ ‘ಡಾಟ್ಸ್’. ಕಥೆಯಿಲ್ಲ, ನಟರಿಲ್ಲ, ಚುಕ್ಕಿಗಳು ಹುಟ್ಟುತ್ತವೆ, ಉಬ್ಬುತ್ತವೆ, ಒಡೆಯುತ್ತವೆ, ಒಂದೊಂದಕ್ಕೂ ಒಂದು ಟಕ್ಕೆಂಬ ಸದ್ದು. ಮೂರು ನಿಮಿಷದೊಳಗೆ ಎಲ್ಲವೂ ಮುಗಿಯಿತು.

“ಅಪಸ್ವರ!” ಎಂದರು ಪಂಡಿತರು. “ಯಾವ ವಾದ್ಯವಮ್ಮ ಇದು?”

“ವಾದ್ಯವೇ ಅಲ್ಲ ಅಜ್ಜಯ್ಯ. ಲೇಖನಿಯಲ್ಲಿ ಬರೆದದ್ದಂತೆ.”

ಸದ್ದನ್ನು ಬರೆಯುವುದೆಂದರೇನು? ಮಗುವಿಗೆ ತಿಳಿಯದು. ಆಗ ಒಳಕೋಣೆಯಿಂದ, ಯಾರೂ ಕರೆಯದೆಯೇ, ಮಗನ ಧ್ವನಿ ಕೇಳಿಸಿತು. ಹಳೆಯ ಸಿನಿಮಾ ಸುರುಳಿಯಲ್ಲಿ ಚಿತ್ರಗಳ ಪಕ್ಕಕ್ಕೆ ಕಿರಿದಾದ ಪಟ್ಟಿಯೊಂದಿರುವುದು; ಅದರ ಮೂಲಕ ದೀಪದ ಬೆಳಕು ಹಾಯುವಾಗ ಅಲ್ಲಿಯ ಗುರುತುಗಳಿಂದ ಹೆಚ್ಚು ಕಡಿಮೆಯಾಗುವುದು; ಆ ಏರಿಳಿತವೇ ವಿದ್ಯುತ್ತಾಗಿ ಕೊನೆಗೆ ಧ್ವನಿಯಾಗುವುದು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ 1941ರಲ್ಲಿ ಆ ಮಂಡಲಿಯನ್ನು ಸೇರಿದ ನಾರ್ಮನ್ ಮೆಕ್ಲಾರೆನ್ ಎಂಬಾತನು ಈ ಪಟ್ಟಿಯ ಮೇಲೆ ತಾನೇ ಗೆರೆಗಳನ್ನೆಳೆದನು. ಗೆರೆಗಳು ಒತ್ತೊತ್ತಾದರೆ ಸ್ವರವು ತಾರಕ್ಕೇರುವುದು, ವಿರಳವಾದರೆ ಮಂದ್ರಕ್ಕಿಳಿಯುವುದು. 1971ರ ‘ಸಿಂಕ್ರೊಮಿ’ಯಲ್ಲಂತೂ ಆ ಗೆರೆಗಳಿಗೇ ಬಣ್ಣವಿತ್ತು ತೆರೆಯ ಮೇಲೆ ತೋರಿಸಿದ್ದಾನೆ. ಕಿವಿ ಕೇಳುತ್ತಿರುವುದೇ ಕಣ್ಣ ಮುಂದೆ!

ಮಗನು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿ ಎಷ್ಟು ವರ್ಷವಾಗಿತ್ತೋ! ಪಂಡಿತರ ಮನಸ್ಸು ಮಾತ್ರ ಶಾಸ್ತ್ರದತ್ತ ಓಡಿತು. ಪೆಟ್ಟಿನಿಂದ ಹುಟ್ಟುವುದು ಆಹತನಾದ. ಪೆಟ್ಟಿಲ್ಲದೆ ಯೋಗಿಗಳಿಗೆ ಒಳಗೆ ಕೇಳಿಸುವುದು ಅನಾಹತ. ತಂತಿಯಿಲ್ಲದ, ಚರ್ಮವಿಲ್ಲದ, ಉಸಿರಿಲ್ಲದ ಈ ಗೆರೆಯ ನಾದವು ಯಾವ ವರ್ಗಕ್ಕೆ ಸೇರಬೇಕು? ಕೊನೆಗೆ ಯಂತ್ರದೊಳಗಿನ ಪೊರೆಯೊಂದು ಅಲುಗಿ ಗಾಳಿಯನ್ನು ಬಡಿಯದೆ ಕಿವಿಗೇನೂ ಮುಟ್ಟದಷ್ಟೆ. ಆದ್ದರಿಂದ ಆಹತವೇ ಸರಿ ಎಂದು ಪೂರ್ವಪಕ್ಷ ಸಿದ್ಧಾಂತಗಳೆರಡನ್ನೂ ತಾವೇ ನಡೆಸಿ ಮುಗಿಸಿದರು. ಪಂಡಿತರಿಗೆ ಇದಕ್ಕಿಂತ ದೊಡ್ಡ ಸುಖವಿಲ್ಲ.

ಆಮೇಲೆ ಹುಡುಗಿ ಹಾಕಿದ್ದು ‘ಎ ಚೇರಿ ಟೇಲ್’. 1957ರಲ್ಲಿ ಮೆಕ್ಲಾರೆನ್ನನು ಕ್ಲೋಡ್ ಜುತ್ರಾ ಎಂಬಾತನೊಡನೆ ಸೇರಿ ಮಾಡಿದ ಹತ್ತು ನಿಮಿಷದ ಚಿತ್ರ. ಇದರಲ್ಲಿ ಮಾತಿಲ್ಲ, ಕೇಳಿಸಿದ್ದು ರವಿಶಂಕರರ ಸಿತಾರು, ಚತುರ್‌ಲಾಲರ ತಬಲಾ. ಪಂಡಿತರ ಹುಬ್ಬು ಸಡಿಲಿತು. ಒಬ್ಬ ಯುವಕನು ಪುಸ್ತಕ ಹಿಡಿದು ಕುರ್ಚಿಯಲ್ಲಿ ಕೂರಹೋಗುತ್ತಾನೆ, ಕುರ್ಚಿ ಸರಿದುಬಿಡುತ್ತದೆ. ಅಟ್ಟುತ್ತಾನೆ, ಸೆಣಸುತ್ತಾನೆ, ಮುದ್ದಿಸುತ್ತಾನೆ, ಅದು ಒಲ್ಲದು. ಮಗು ನಕ್ಕು ನಕ್ಕು ಸಾಕಾಯಿತು. ಕುರ್ಚಿಗೆ ಬೇಕಾದದ್ದು ತಾನೊಮ್ಮೆ ಅವನ ಮೇಲೆ ಕೂರುವುದು! ಅದನ್ನರಿತು ಅವನು ತನ್ನ ಮೇಲೆ ಅದನ್ನು ಕೂರಿಸಿಕೊಂಡ ಮೇಲೆಯೇ ಅದು ಅವನನ್ನು ಕೂರಗೊಡುವುದು. ಮೂವತ್ತೈದು ವರ್ಷ ಪಾಠಶಾಲೆಯ ಕುರ್ಚಿಯಲ್ಲಿ ಕುಳಿತವರಿಗೆ ಕುರ್ಚಿಯ ಅಭಿಪ್ರಾಯವನ್ನೂ ಕೇಳಬಹುದೆಂದು ಎಂದೂ ತೋರಿರಲಿಲ್ಲ. ಅವರು ನಗಲಿಲ್ಲ.

ಅಷ್ಟರಲ್ಲಿ ಮಗನು ಬಾಗಿಲ ಬಳಿ ಬಂದು ನಿಂತಿದ್ದನು. ಪಂಡಿತರು ಕನ್ನಡಕವನ್ನು ತೆಗೆದು ಪಂಚೆಯ ಸೆರಗಿನಿಂದ ಒರೆಸುತ್ತ, ಅವನ ಕಡೆಗೆ ನೋಡದೆ ಕೇಳಿದರು: “ಆ ಕ್ಯಾಸೆಟ್ಟಿನಲ್ಲಿ ಏನಿತ್ತು?”

ಯಾವ ಕ್ಯಾಸೆಟ್ಟೆಂದು ಮಗನು ಕೇಳಲಿಲ್ಲ.

“ಹೆಚ್ಚೇನಿಲ್ಲ ಅಪ್ಪಯ್ಯ. ತಗಡಿನ ಮೇಲೆ ಬೀಳುವ ಮಳೆ. ಅಡಕೆ ಸುಲಿಯುವ ಸದ್ದು. ಬೆಳಿಗ್ಗೆ ಅಮ್ಮ ಮಜ್ಜಿಗೆ ಕಡೆಯುವುದು.”

ಹೊರಗೆ ಮಳೆ ಹಿಡಿದೇ ಇತ್ತು. ಪಂಡಿತರು ಕನ್ನಡಕವನ್ನು ಇನ್ನೂ ಒರೆಸುತ್ತಲೇ ಇದ್ದರು.

“ಕಡೆಗೋಲು ಅಟ್ಟದ ಮೇಲಿರಬೇಕು” ಎಂದರು ಕೊನೆಗೆ.

ಮಗನು ಏಣಿಯನ್ನು ತರಲು ಹೋದನು.