ಒಲೆಯಿಲ್ಲದೆ ಕುದುರೆಮುಖಕ್ಕೆ

ನಮ್ಮ ಕಡೆ ಪ್ರವಾಸ ಅಂದರೆ ಗಾಡಿಯಲ್ಲೇ ಅರ್ಧ ಮನೆ ಹೊರಟಂತೆ! ಹಿಂದೆ ಮೈಲಾರ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗಿ, ಮೂರು ಕಲ್ಲು ಹೂಡಿ ಅಡಿಗೆ ಮಾಡಿ, ಬಂಡಿಯ ಕೆಳಗೇ ಮಲಗುತ್ತಿದ್ದರು. ಈಗ ಬಾಡಿಗೆಯ ಟೆಂಪೋ ಟ್ರಾವೆಲರ್ ಬಂದಿದೆ. ಆದರೂ ಸಿಲಿಂಡರ್, ಒಲೆ, ಕುಕ್ಕರ್ ಸೀಟಿನ ಕೆಳಗೆ ಬಂದೇ ಬರುತ್ತವೆ. ಊರು ಯಾವುದಾದರೇನು, ಒಲೆ ಮುಂದೆ ಕೂರುವವರು ನಾವೇ ಅಲ್ಲವೇ?

ಕುದುರೆಮುಖಕ್ಕೆ ಹೊರಟಾಗ ಮಾತ್ರ ಒಲೆ ಮನೆಯಲ್ಲೇ ಉಳಿಯಿತು. ಅದು 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ, ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಕಾಡು. ಅಲ್ಲಿ ಬೆಂಕಿ ಹಚ್ಚುವಂತಿಲ್ಲ, ಕಂಡಲ್ಲಿ ಬಿಡಾರ ಹೂಡುವಂತಿಲ್ಲ. ಬೇಸಿಗೆಯಲ್ಲಿ ಒಣಗಿ ನಿಂತ ಗುಡ್ಡದ ಹುಲ್ಲಿಗೆ ಒಂದು ಕಿಡಿ ಸಾಕು.

“ಬಿಸಿ ಅನ್ನ ಇಲ್ದ ಎಂಥಾ ಪ್ರವಾಸ?” ಎಂದು ಅತ್ತೆಯವರು ಗೊಣಗಿದರು. ನಾವು ಮೂರು ಮನೆಯವರು ಬುತ್ತಿ ಹಂಚಿಕೊಂಡೆವು. ಹಾವೇರಿಯ ನಮ್ಮದು ಕಡಕ್ ಜೋಳದ ರೊಟ್ಟಿ, ರಾಣೆಬೆನ್ನೂರಿನ ನಾದಿನಿಯದು ಶೇಂಗಾ ಹೋಳಿಗೆ, ಬ್ಯಾಡಗಿಯ ಅಕ್ಕನದು ಚಟ್ನಿಪುಡಿ. ಎರಡು ಬಟ್ಟಲು ಹುರಿದ ಶೇಂಗಾಕ್ಕೆ ಎರಡು ಚಮಚ ಬ್ಯಾಡಗಿ ಖಾರದಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿರಿ. ನೀರಿನ ಪಸೆ ತಾಗಬಾರದು. ಈ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಮಕ್ಕಳೂ ತಿನ್ನುತ್ತಾರೆ.

ನಸುಕಿನಲ್ಲಿ ಹಾವೇರಿ ಬಿಟ್ಟು, ಮೋಟೆಬೆನ್ನೂರಿನಲ್ಲಿ ಅಕ್ಕನವರನ್ನು, ರಾಣೆಬೆನ್ನೂರಿನಲ್ಲಿ ನಾದಿನಿಯವರನ್ನು ಹತ್ತಿಸಿಕೊಂಡೆವು. ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪ ದಾಟಿ ಶೃಂಗೇರಿ ಸೇರಿದೆವು. ಶಾರದಾಂಬೆಯ ದರ್ಶನ, ಮಠದ ಪ್ರಸಾದ ಆಯಿತು. ರಾತ್ರಿ ಅಲ್ಲೇ ಉಳಿದೆವು.

ಬೆಳಿಗ್ಗೆ ಕೆರೆಕಟ್ಟೆ ದಾಟುತ್ತಲೇ ಕಾಡು ಕವಿಯಿತು. ಮುಂದೆ ಬೆಟ್ಟದ ನೆತ್ತಿಯೆಲ್ಲ ಹಸಿರು ಹುಲ್ಲು, ಕಣಿವೆಯ ಮಡಿಲಲ್ಲಿ ದಟ್ಟ ಶೋಲಾ ಕಾಡು. ಮಳೆನೀರನ್ನು ಹಿಡಿದಿಟ್ಟು ವರ್ಷವಿಡೀ ಒಸರಿಸುವುದು ಇವೇ. ಇಲ್ಲಿನ ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆಯಾಗಿ ನಮ್ಮ ರಾಣೆಬೆನ್ನೂರು ತಾಲೂಕಿಗೆ ಬರುತ್ತಾರೆ. ಇಲ್ಲಿದ್ದ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಗಣಿಯ ಕೆಂಪು ಮಣ್ಣು ಕೊಚ್ಚಿ ಹೋಗುತ್ತಿದ್ದುದು ಇದೇ ಭದ್ರೆಗೆ. ಹೊಳೆಯ ತವರಿನಲ್ಲಿ ಆದದ್ದು ನಮ್ಮ ಕೊಡಕ್ಕೂ ತಟ್ಟುತ್ತದೆ ನೋಡಿ.

ಕಿಟಕಿಯ ಪಕ್ಕ ಕೂತಿದ್ದ ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: “ಎಷ್ಟ್ ಊರಿಗೆ ಹೋದ್ರೂ ಒಲೀನ ನೋಡೀನಿ. ಗುಡ್ಡಾ ನೋಡಾಕ ಬಂದು ಗುಡ್ಡಾ ನೋಡಿದ್ದು ಇದ ಮೊದಲ, ತಂಗಿ.”

ನೀವೂ ಹೋಗುವುದಾದರೆ ಒಂದೆರಡು ಮಾತು. ಶೃಂಗೇರಿಯಲ್ಲೇ ಶೌಚಕ್ಕೆ ಹೋಗಿ ಬನ್ನಿ. ಮಳೆಗಾಲದಲ್ಲಿ ಜಿಗಣೆ ಕಾಟ, ಉಪ್ಪಿನ ಗಂಟು ಜೊತೆಗಿರಲಿ. ಸುಮಾರು 1,890 ಮೀಟರ್ ಎತ್ತರದ ಶಿಖರ ಹತ್ತುವವರು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಕಸವನ್ನೆಲ್ಲ ಚೀಲದಲ್ಲಿ ತುಂಬಿ ವಾಪಸು ತನ್ನಿ. ರೊಟ್ಟಿಯನ್ನು ನಾಲ್ಕು ದಿನ ಮುಂಚೆ ಬಡಿದಿಡಿ, ಮನೆಯ ಗಂಡಸರಿಗೂ ಶೇಂಗಾ ಹುರಿಯಲು ಹೇಳಿ. ಕಾಡಿಗೂ ಬೆಂಕಿಯ ಭಯವಿಲ್ಲ, ನಿಮಗೂ ಎರಡು ದಿನ ಬಿಡುವು!